ಮದರಾಸಿನಲ್ಲಿ ಆಯಿಲ್ ಬದಲಾಯಿಸಿದ್ದು

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಐದೂವರೆಗೆ ಮೈಸೂರು ಬಿಟ್ಟೆ. ನಲವತ್ತು ವರ್ಷದ ಹಳೆಯ ಟೂ-ಸ್ಟ್ರೋಕ್ ಬೈಕು, ಹಿಂದಿನ ಸೀಟಿಗೆ ಹಗ್ಗ ಬಿಗಿದು ಕಟ್ಟಿದ ಒಂದು ಚೀಲ, ಚೀಲದೊಳಗೆ ಎರಡು ಸ್ಪಾರ್ಕ್ ಪ್ಲಗ್ಗು, ಒಂದು ಕ್ಲಚ್ ಕೇಬಲ್ಲು, ಒಂದು ಡಬ್ಬಿ ಕೋಡುಬಳೆ. ಚೆನ್ನೈಗೆ ನಾನೂರ ಎಂಬತ್ತು ಕಿಲೋಮೀಟರಿನ ಆಸುಪಾಸು. "ಅರವತ್ತೊಂದು ತುಂಬಿದೆ, ರೈಲಲ್ಲಿ ಹೋದ್ರೆ ಆಗಲ್ವಾ?" ಎಂದಳು ಹೆಂಡತಿ. ಆಗುತ್ತಿತ್ತು. ಆದರೆ ನಾನು ಹೊರಟಿದ್ದೇ ಬೈಕನ್ನು ಮಗಳಿಗೆ ಕೊಟ್ಟು ಬರಲು. ಸುಮೇಧಾ ಎರಡು ವರ್ಷದಿಂದ ಅಡ್ಯಾರಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಐದು ವರ್ಷದವಳಿದ್ದಾಗ ಇದೇ ಟ್ಯಾಂಕಿನ ಮೇಲೆ ಕೂತು, "ದೊಡ್ಡೋಳಾದ್ಮೇಲೆ ಇದು ನಂದು" ಎಂದಿದ್ದಳು. ಅವಳು ಮರೆತಿರಬಹುದು, ನಾನು ಮರೆತಿರಲಿಲ್ಲ.

ಬೆಂಗಳೂರು ದಾಟುವುದಕ್ಕೇ ಎರಡೂವರೆ ಗಂಟೆ ಹಿಡಿಯಿತು. ಕೃಷ್ಣಗಿರಿಯಲ್ಲಿ ನಾಲ್ಕು ಇಡ್ಲಿ, ಒಂದು ಕಾಫಿ. ಎರಡನೇ ಗೇರಿಗೆ ಹಾಕಿದಾಗಲೆಲ್ಲ ಬೈಕು 'ಲಟಕ್' ಎಂದು ಕೂಗುತ್ತಿತ್ತು. ಗೇರ್ ಬಾಕ್ಸಿನ ಆಯಿಲ್ ಬದಲಾಯಿಸಿದ್ದು ಯಾವ ಕಾಲದಲ್ಲೋ, ನೆನಪಿರಲಿಲ್ಲ. ವೇಲೂರಿನಲ್ಲಿ ಉಳಿದು, ಶನಿವಾರ ಮಧ್ಯಾಹ್ನದ ಹೊತ್ತಿಗೆ ಚೆನ್ನೈನ ವೆಸ್ಟ್ ಮಾಂಬಲಂ ಸೇರಿದೆ.

ಅಲ್ಲಿ ನನ್ನ ಕಾಲೇಜು ಗೆಳೆಯ ಗುರುರಾಜನ ಮನೆ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವರು. ಓದಲು ಮಾತ್ರ ಮೈಸೂರಿಗೆ ಬಂದಿದ್ದ. ಆಗ ಒಂದೇ ವಾರದಲ್ಲಿ ಇಬ್ಬರೂ ಒಂದೇ ಬಗೆಯ ಬೈಕು ಕೊಂಡೆವು. ಅವನದು ಈಗಲೂ ಫ್ಲಾಟಿನ ಕೆಳಗೆ ನಿಂತಿತ್ತು, ಮದುಮಗನ ಹಾಗೆ ಮಿರಮಿರ ಮಿಂಚುತ್ತ.

"ಏನ್ಡಾ, ನಿಜವಾಗ್ಲೂ ಇದರ ಮೇಲೇ ಬಂದ್ಯಾ? ಪೈತ್ಯಂ, ಹುಚ್ಚು ನಿನಗೆ!" ಎಂದು ಅಪ್ಪಿಕೊಂಡ. ಒಳ್ಳೆಯವನು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಆದರೂ ನಾನು ಮಾಡಿದೆ.

ಸಂಜೆ ಮಗಳು ಬಂದಳು. ನನ್ನನ್ನು ಮಾತಾಡಿಸಿ, ಬ್ಯಾಗನ್ನು ಕುರ್ಚಿಯ ಮೇಲೆ ಹಾಕಿ, ಅವಳದೇ ಮನೆಯೆಂಬಂತೆ ಮೊಳೆಯಿಂದ ಗುರುರಾಜನ ಬೈಕಿನ ಕೀ ತೆಗೆದುಕೊಂಡಳು. "ಮಾಮಾ, ಪೆಟ್ರೋಲ್ ಇರ್ಕಾ?" ಎಂದಳು. ನನ್ನ ಮಗಳು, ನನ್ನ ಗೆಳೆಯನ ಜೊತೆ, ನನಗೆ ಅರ್ಧ ಮಾತ್ರ ಅರ್ಥವಾಗುವ ತಮಿಳಿನಲ್ಲಿ! ಪ್ರತಿ ಭಾನುವಾರ ಬಂದು ಅವನ ಬೈಕು ಓಡಿಸುತ್ತಾಳಂತೆ. ಪ್ಲಗ್ ಒರೆಸುವುದು, ಕ್ಲಚ್ ಬಿಚ್ಚುವುದು ಎಲ್ಲ ಅವನೇ ಕಲಿಸಿದ್ದಾನೆ. ಕಾಫಿ ಕುಡಿಯುವಾಗ ಅವಳು ಹೇಳಿದಳು: "ಅಪ್ಪ, ಮಾಮ ಅವರ ಗಾಡಿ ನಂಗೇ ಇಟ್ಕೋ ಅಂತಿದಾರೆ."

"ನನ್ನ ಮಗ ಮುಟ್ಟೋದಿಲ್ಲ ಡಾ," ಎಂದ ಗುರುರಾಜ. "ಅವನಿಗೆ ಫೋನಲ್ಲಿ ಕಾರ್ ಕರೆಸೋದೇ ಸುಖ. ಇವಳ ಕೈಲಿದ್ರೆ ಓಡ್ತಾ ಇರತ್ತೆ."

ಎರಡು ದಿನ ಸೊಂಟ ಮುರಿದುಕೊಂಡು ನಾನು ತಂದಿದ್ದನ್ನೇ ಅವನು ಕೂತಲ್ಲಿಂದ ಕೊಟ್ಟುಬಿಟ್ಟಿದ್ದ. "ನಾನು ಇದನ್ನ ತಂದಿರೋದೂ ನಿನಗೇ ಕೊಡೋಕೆ" ಎಂದೆ. ಮಗಳು ಎರಡೂ ಬೈಕನ್ನು ಬೀದಿಯಲ್ಲಿ ಒಂದೊಂದು ಸುತ್ತು ಹೊಡೆದಳು. ಅವನದು ಬೆಣ್ಣೆಗೆ ಚಾಕು ಹಾಕಿದಂತೆ ಗೇರು ಬದಲಿಸಿತು. ನನ್ನದರ 'ಲಟಕ್' ಕೇಳಿ ಎದುರುಮನೆಯವರು ಕಿಟಕಿ ತೆಗೆದರು. "ಸೋಮವಾರ ನಿಮ್ಮ ಗಾಡೀಲೇ ಕ್ಲಿನಿಕ್ಕಿಗೆ ಹೋಗ್ತೀನಿ ಅಪ್ಪ, ಆಮೇಲೆ ಹೇಳ್ತೀನಿ" ಎಂದಳು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಆಮೇಲೆ ಗುರುರಾಜನನ್ನು ಮೆಲ್ಲಗೆ ಕೇಳಿದೆ, "ಗೇರ್ ಬಾಕ್ಸಿಗೆ ಏನು ಹಾಕ್ತೀಯೋ?"

"ಸಾಧಾರಣ ಬೈಕ್ ಎಂಜಿನ್ ಆಯಿಲ್ ತಾನೇ. ಟ್ವೆಂಟಿ ಫಾರ್ಟಿ ನಂಬರಿಂದು. ಮಳೆಗಾಲ ಮುಗಿದ ತಕ್ಷಣ ಬದಲಾಯಿಸ್ತೀನಿ, ಅಷ್ಟೇ."

ನಾನು ನಂಬಲಿಲ್ಲ. ಹುಳಿಪುಡಿಯ ಹದ ಕೇಳಿದರೆ ಯಾವ ಮನೆಯಲ್ಲಿ ಪೂರ್ತಿ ಹೇಳುತ್ತಾರೆ? ಮುಖ್ಯವಾದ ಒಂದು ಸಾಮಾನು ಬಿಟ್ಟೇ ಹೇಳುತ್ತಾರೆ. ಗೇರಿಗೆ ಗೇರ್ ಆಯಿಲ್ ಹಾಕದೆ ಎಂಜಿನ್ ಆಯಿಲ್ ಹಾಕುತ್ತಾನಂತೆ! ನನ್ನನ್ನು ದಾರಿ ತಪ್ಪಿಸುತ್ತಿದ್ದಾನೆ ಎಂದು ಖಾತ್ರಿಯಾಯಿತು.

ಭಾನುವಾರ ಬೆಳಿಗ್ಗೆ, ಚಿಪ್ಸ್ ತರುತ್ತೇನೆಂದು ಸುಳ್ಳು ಹೇಳಿ ಆಟೋ ಹತ್ತಿ ಪುದುಪೇಟೆಗೆ ಹೋದೆ. ಆಟೋದವನು ಇನ್ನೂರು ಕೇಳಿದ, ನೂರಾ ಎಂಬತ್ತಕ್ಕೆ ಒಪ್ಪಿದ. ಬೀದಿ ತುಂಬ ಬಿಡಿಭಾಗದ ಅಂಗಡಿಗಳು, ಅವುಗಳಲ್ಲಿ ಅರ್ಧ ಬಾಗಿಲು ಹಾಕಿದ್ದವು. ತೆರೆದಿದ್ದ ಒಂದರಲ್ಲಿ ಗೇರ್ ಆಯಿಲ್ ಕೇಳಿದೆ. "ಎಂದ ವಂಡಿಕ್ಕು ಸಾರ್?" ಎಂದ ಅಂಗಡಿಯವನು. ಯಾವ ಗಾಡಿಗೆ ಎಂಬ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಈ ಕಥನ ಇಲ್ಲಿಗೇ ಮುಗಿಯುತ್ತಿತ್ತು. "ಇರೋದ್ರಲ್ಲಿ ಬೆಸ್ಟ್ ಕೊಡಿ" ಎಂದೆ. ಚಿನ್ನದ ಬಣ್ಣದ ಅಕ್ಷರದ ಒಂದು ಡಬ್ಬ ಕೊಟ್ಟ. ತೊಂಬತ್ತರ ನಂಬರಿನ, ಜೇನಿನಷ್ಟು ಮಂದದ ಎಣ್ಣೆ. ಮಗಳು ಗುರುರಾಜನ ಬೈಕು ಓಡಿಸಲು ಹೋಗಿ, ಅವನು ಊಟದ ನಂತರ ಮಲಗಿದ್ದಾಗ ಕೆಳಗಿಳಿದು ಹಳೆಯದನ್ನು ಬಸಿದು ಅದನ್ನು ಸುರಿದೆ. ಬೀದಿಯ ತುದಿಯವರೆಗೆ ಓಡಿಸಿದೆ. 'ಲಟಕ್' ಮಾಯ! ಚಿಪ್ಸಿನ ಪೊಟ್ಟಣ ಎಲ್ಲಿ ಎಂದು ಸಂಜೆ ಗುರುರಾಜ ಕೇಳಿದಾಗಲೂ ನಗುತ್ತಲೇ ಇದ್ದೆ.

ಸೋಮವಾರ ಎಂಟೂವರೆಗೆ ಮಗಳು ಮುಂದೆ, ನಾನು ಹಿಂದೆ. ಮೊದಲ ಮೂರು ಕಿಲೋಮೀಟರು ನಾನು ಸ್ವರ್ಗದಲ್ಲಿದ್ದೆ. "ಅಪ್ಪ, ಏನು ಮಾಡಿದ್ರಿ? ಸೂಪರ್ ಆಗಿದೆ!" ಎಂದಳು. ಅಡ್ಯಾರ್ ಸೇತುವೆಯ ಏರು ಬಂತು. ಎಂಜಿನ್ ಚೀರತೊಡಗಿತು, ಬೈಕು ಮಾತ್ರ ಮುಂದಕ್ಕೆ ಹೋಗಲಿಲ್ಲ. ಅವಳು ಆಕ್ಸಿಲರೇಟರ್ ತಿರುಗಿಸಿದಷ್ಟೂ ಚೀರಾಟ ಜಾಸ್ತಿ, ಓಟ ಕಡಿಮೆ. ಹಿಂದೆ ಒಂದು ಬಸ್ಸು ನಮ್ಮ ಬೆನ್ನಿಗೇ ಹಾರ್ನ್ ಹೊಡೆಯಿತು. ಇಳಿದು, ಸೆಖೆಯಲ್ಲಿ ಬೆವರುತ್ತ ಸೇತುವೆಯುದ್ದಕ್ಕೂ ತಳ್ಳಿದೆವು. ಅವಳ ಮೊದಲ ಪೇಶೆಂಟು ಕಾಯುತ್ತಿದ್ದ. ಗಡಿಯಾರ ನೋಡಿಕೊಂಡು ಅವಳು ಆಟೋ ಹತ್ತಿದಳು. ಬೈದಿದ್ದರೆ ಚೆನ್ನಾಗಿತ್ತು.

ಗುರುರಾಜನೇ ಒಂದು ಗೂಡ್ಸ್ ಆಟೋ ತಂದು ಬೈಕನ್ನು ಮನೆಗೆ ಸಾಗಿಸಿದ. ಸಂಜೆ ಮಗಳು ಬಂದು, ಅಂಗಿಯ ತೋಳು ಮಡಚಿ ಬೋಲ್ಟ್ ಬಿಚ್ಚಿದಳು. ಸುರಿದ ಎಣ್ಣೆ ಮೂಸಿ ಗುರುರಾಜ ನನ್ನ ಮುಖ ನೋಡಿದ.

"ಇದು ಲಾರಿ ಆಕ್ಸಲ್‌ಗೆ ಹಾಕೋದು ಡಾ. ನಮ್ಮ ಗಾಡೀಲಿ ಗೇರೂ ಕ್ಲಚ್ಚೂ ಒಂದೇ ಆಯಿಲಲ್ಲಿ ಮುಳುಗಿರತ್ತೆ. ಗೇರು ಜಾರ್ಬೇಕು, ಆದ್ರೆ ಕ್ಲಚ್ ಪ್ಲೇಟು ಒಂದನ್ನೊಂದು ಹಿಡ್ಕೋಬೇಕು. ಇದು ಎರಡನ್ನೂ ಜಾರಿಸತ್ತೆ. ಹಾಗೇ ಬಿಟ್ರೆ ಹಿತ್ತಾಳೆ ಬುಷ್ಷನ್ನೂ ತಿಂದುಹಾಕತ್ತೆ. ನಾನು ಹೇಳಿದ್ನಲ್ಲ, ಸಾಧಾರಣ ಆಯಿಲ್ ಅಂತ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಘರ್ಷಣೆಯ ಪಾಠ ಮಾಡಿದವನು ನಾನು. "ಹೇಳಿದ್ದೆ. ನಾನು ನಂಬಲಿಲ್ಲ" ಎಂದೆ. ಅವನು ಒಂದು ತಟ್ಟೆಗೆ ಪೆಟ್ರೋಲು ಬಸಿದು ತಂದಿಟ್ಟ. ಮಗಳು ತಲೆಯೆತ್ತಿ ಒಮ್ಮೆ ನನ್ನನ್ನೂ ಒಮ್ಮೆ ಅವನನ್ನೂ ನೋಡಿ, ಪ್ಲೇಟುಗಳನ್ನು ಒಂದೊಂದಾಗಿ ಪೆಟ್ರೋಲಿನಲ್ಲಿ ತೊಳೆದಳು. ನಾನು ಬಟ್ಟೆ ಹಿಡಿದು ನಿಂತೆ. ಸಾಧಾರಣ ಆಯಿಲ್ ಸುರಿದು, ಬೀದಿ ಸುತ್ತಿ ಬಂದು ಕೀಯನ್ನು ಜೇಬಿಗೆ ಹಾಕಿಕೊಂಡಳು.

"ಮಾಮಾ, ನಿಮ್ಮ ಗಾಡಿ ಚೆನ್ನಾಗಿದೆ, ನಿಮ್ಮ ಹತ್ರಾನೇ ಇರ್ಲಿ. ಇದನ್ನ ವಾಪಸ್ ಅಪ್ಪನ ಕೈಗೆ ಕೊಟ್ರೆ ಕೊಂದೇಬಿಡ್ತಾರೆ. ನಾನು ಪೇಶೆಂಟನ್ನ ಅರ್ಧಕ್ಕೆ ಬಿಡಲ್ಲ."

ಗೆದ್ದೆ ಎಂದುಕೊಂಡೆ. ಹೀಗೂ ಗೆಲ್ಲಬಹುದು ಎಂದು ಗೊತ್ತಿರಲಿಲ್ಲ.

ಮಂಗಳವಾರ ರೈಲಿನಲ್ಲಿ ಹಿಂತಿರುಗಿದೆ. ಕಾಟ್ಪಾಡಿಯಲ್ಲಿ ತಿಂದ ವಡೆ ತಣ್ಣಗಿದ್ದರೂ ರುಚಿಯಾಗಿತ್ತು. ಮುಂದಿನ ಭಾನುವಾರ ಸಂಜೆ ಗುರುರಾಜನ ಫೋನು ಬಂತು. ಸೊಂಟ ನೋವು, ಹವೆ, ಎಲ್ಲ ವಿಚಾರಿಸಿದ. ಕೊನೆಗೆ ಹೇಳಿದ: "ಸುಮೇಧಾ ಇವತ್ತು ಬರಲಿಲ್ಲ ಡಾ. ಸಂಡೇ ಆದ್ರೆ ಬಂದ್ಬಿಡ್ತಿದ್ಲು. ಗಾಡಿ ಒರೆಸಿ, ಸ್ಟಾರ್ಟ್ ಮಾಡಿ ನೋಡಿ ಇಟ್ಟಿದ್ದೆ. ಈಗ ಅವಳಿಗೇ ಗಾಡಿ ಇದ್ಯಲ್ಲ. ಪರವಾಗಿಲ್ಲ, ವಿಡು."

ನನಗೆ ಸಂತೋಷವಾಯಿತು. ನಾಚಿಕೆಯಾಗುವಷ್ಟು ಸಂತೋಷವಾಯಿತು. ಫೋನಿಟ್ಟ ಮೇಲೆ, 'ಭಾನುವಾರ ಗುರು ಮಾಮನ ಮನೆಗೆ ತಪ್ಪದೆ ಹೋಗಿ ಬಾ, ಅವನ ಗಾಡಿಯನ್ನೂ ಒಂದು ಸುತ್ತು ಓಡಿಸು' ಎಂದು ಮಗಳಿಗೆ ಹೇಳಬೇಕೆಂದುಕೊಂಡೆ. ಹೇಳಲು ನಾಲ್ಕು ದಿನ ಹಿಡಿಯಿತು.