ಮಿನಾ ಹುಡುಕಿದ ಸಾಕ್ಷಿ

ಸೇಂಟ್ ಜಾನ್ಸ್ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಹೋಗುವ ಟ್ಯಾಕ್ಸಿಯವರೆಲ್ಲ ಹಿಡಿಯುವ ದಾರಿ ಒಂದೇ. ದೊಡ್ಡ ಕೆರೆಗೆ ಬೆನ್ನು ಹಾಕಿ ದಕ್ಷಿಣಕ್ಕೆ ತಿರುಗಿದರೆ ಸಾಕು, ರಸ್ತೆ ತಾನಾಗಿಯೇ ಇಳಿಯುತ್ತ ಬಂದರಿನ ಕಡೆಗೆ ಒಯ್ಯುತ್ತದೆ. ಕುಡಿದವನಿಗೂ ತಪ್ಪದ ದಾರಿ ಎಂದು ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದರು. ಆ ದಾರಿಯಲ್ಲಿ ಫಿಲೊಮಿನಾ ಡಾಲ್ಟನ್ ಒಂದು ದಿನ ಕಳೆದುಹೋದಳು.

ಎಲ್ಲರೂ ಅವಳನ್ನು ಮಿನಾ ಎನ್ನುತ್ತಿದ್ದರು. ಹುಟ್ಟಿದ್ದು ದಕ್ಷಿಣ ತೀರದ ಒಂದು ಸಣ್ಣ ಮೀನುಗಾರರ ಹಳ್ಳಿಯಲ್ಲಿ. ಕಾಡ್ ಎಂಬ ಮೀನು ಹಿಡಿಯುವುದನ್ನು ಸರ್ಕಾರ ನಿಲ್ಲಿಸಿದ ವರ್ಷ ಅವಳ ಗಂಡ ಲಿಯೋ ದೋಣಿ ಮಾರಿ ಟ್ಯಾಕ್ಸಿ ಕೊಂಡ. ಕೆಲವೇ ವರ್ಷ ಓಡಿಸಿದ. ಒಂದು ಬೆಳಿಗ್ಗೆ ಚಹಾದ ಕಪ್ಪಿನ ಮುಂದೆಯೇ ಅವನ ಎದೆಬಡಿತ ನಿಂತುಹೋಯಿತು. ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುವುದನ್ನು ನೋಡಲಾಗದೆ ಮಿನಾ ಪರೀಕ್ಷೆ ಕಟ್ಟಿ ಪರವಾನಗಿ ಪಡೆದಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. ಮತ್ತೆ ಏನನ್ನೂ ಬದಲಾಯಿಸಲಿಲ್ಲ.

ಅವಳಿಗೆ ಕೆಲಸ ಒಗ್ಗಿತು. ವಿಮಾನದಿಂದ ಇಳಿದವರ ಮುಖ ನೋಡಿಯೇ ಮದುವೆಗೆ ಬಂದವರು ಯಾರು, ಮಣ್ಣಿಗೆ ಬಂದವರು ಯಾರು ಎಂದು ಹೇಳುತ್ತಿದ್ದಳು. ಮಣ್ಣಿಗೆ ಬಂದವರ ಜತೆ ಮಾತಾಡುತ್ತಿರಲಿಲ್ಲ, ಹೀಟರನ್ನು ಮಾತ್ರ ಸ್ವಲ್ಪ ಜಾಸ್ತಿ ಮಾಡುತ್ತಿದ್ದಳು. ಸಮುದ್ರದಿಂದ ಮಂಜು ಬಂದು ಕೂತರೆ ವಿಮಾನಗಳು ಮೇಲೆಯೇ ಸುತ್ತಿ ದೂರದ ಹ್ಯಾಲಿಫ್ಯಾಕ್ಸ್ ಊರಿಗೆ ಹಿಂದಿರುಗುತ್ತಿದ್ದವು. ಆಗ ಸ್ಟ್ಯಾಂಡಿನವರೆಲ್ಲ ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ಗೇಲಿಯಲ್ಲಿ ಸಿರಿಲ್ ಹಾಲೆಟ್‌ನನ್ನು ಮೀರಿಸುವವರಿರಲಿಲ್ಲ. ಲಿಯೋನ ಶವಪೆಟ್ಟಿಗೆಯ ಮುಂದೆ ನಿಂತು, "ಬದುಕಿದ್ದಾಗ ಇವನು ಇಷ್ಟು ನೀಟಾಗಿ ಶರ್ಟ್ ಹಾಕಿದ್ದು ನಾನಂತೂ ನೋಡಿಲ್ಲ," ಎಂದವನು ಅವನು. ಮಿನಾ ಅಂದು ನಕ್ಕಿದ್ದಳು. ಆ ದಿನ ಅವಳನ್ನು ನಗಿಸಿದವನು ಅವನೊಬ್ಬನೇ.

ಮಿನಾಳಿಗಿದ್ದ ಭಯ ಒಂದೇ. ಅದು ಅವಳ ಅಮ್ಮನ ಕಾಯಿಲೆಯದು. ಅರವತ್ತು ದಾಟಿದ ಮೇಲೆ ಅಮ್ಮ ಕೋಳಿಗೂಡಿಗೆಂದು ಹೋದವಳು ಮನೆಗೆ ದಾರಿ ಕಾಣದೆ ಬೇಲಿ ಹಿಡಿದು ನಿಂತಿರುತ್ತಿದ್ದಳು. ಹಳ್ಳಿಯವರು ಅದಕ್ಕೆ ಒಂದು ಮಾತು ಹೇಳುತ್ತಿದ್ದರು: ಚಿಕ್ಕವಳಿದ್ದಾಗ ಹಣ್ಣು ಕೀಳಲು ಬಯಲಿಗೆ ಹೋದ ಅವಳನ್ನು 'ಅವರು' ಒಂದು ಹಗಲಿಡೀ ಸುತ್ತಾಡಿಸಿದ್ದರು, ಆಗ ತೆಗೆದುಕೊಂಡ ಬುದ್ಧಿಯನ್ನು ಪೂರ್ತಿ ಹಿಂದೆ ಕೊಟ್ಟಿರಲಿಲ್ಲ ಎಂದು. ಕಣ್ಣಿಗೆ ಕಾಣದ ಆ ಅವರು ಎಂದರೆ ಯಾರು ಎಂದು ಆ ತೀರದಲ್ಲಿ ಯಾರೂ ಕೇಳುವುದಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಮಂಜಿನಲ್ಲಿ ಹೊರಟರೆ ಜೇಬಿನಲ್ಲಿ ಒಂದು ತುಂಡು ಬ್ರೆಡ್ ಇಟ್ಟುಕೊಳ್ಳಬೇಕು, ದಾರಿ ತಪ್ಪಿಸಿದರೆ ಕೋಟನ್ನು ಒಳಗು ಹೊರಗು ಮಾಡಿ ಹಾಕಿಕೊಳ್ಳಬೇಕು, ಅಷ್ಟೆ. ಪಟ್ಟಣದ ವೈದ್ಯರು ಅಮ್ಮನ ಕಾಯಿಲೆಗೆ ಬೇರೆ ಹೆಸರು ಹೇಳಿದರು. ಅದು ಮಕ್ಕಳಿಗೂ ಬರಬಹುದು ಎಂದೂ ಹೇಳಿದರು.

ಆದ್ದರಿಂದ ಮಿನಾ ತನಗೆ ತಾನೇ ಒಂದು ನಿಯಮ ಹಾಕಿಕೊಂಡಿದ್ದಳು. ಆ ಕಾಯಿಲೆ ತನ್ನ ತಲೆಗೆ ಬಂದದ್ದು ಖಚಿತವಾದ ದಿನ ಕಾರಿನ ಕೀಲಿ ಕೊಟ್ಟುಬಿಡಬೇಕು. ನಂಬಿ ಹತ್ತಿದವರನ್ನು ಅಂಥ ತಲೆ ಇಟ್ಟುಕೊಂಡು ಕರೆದೊಯ್ಯಬಾರದು. ಆದರೆ ಬೆಳಿಗ್ಗೆ ಎದ್ದು ಮಾಡಲು ಆ ಕಾರಿನ ಹೊರತು ಅವಳಿಗೆ ಬೇರೆ ಕೆಲಸವಿರಲಿಲ್ಲ.

ಅವಳಿಗೆ ಅರವತ್ತೊಂದು ನಡೆಯುತ್ತಿದ್ದ ವರ್ಷದ ಜೂನ್ ತಿಂಗಳು. ಫೋನು ದಾರಿ ತೋರಿಸುವ ಕಾಲ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಮಂಜು ಒಂದಿಷ್ಟು ಸಡಿಲವಾದಾಗ ಒಂದು ವಿಮಾನ ಇಳಿಯಿತು. ಅದರಲ್ಲಿ ಬಾಸ್ಟನ್‌ನಿಂದ ಬಂದ ಕನ್ಸೆಪ್ಟಾ ಕ್ಯಾವನಾ ಎಂಬ ಮುದುಕಿ ಮಿನಾಳ ಕಾರು ಹತ್ತಿದಳು. ಮಗಳ ಮನೆಯಲ್ಲಿ ಚಳಿಗಾಲ ಕಳೆದು, ಬೇಸಿಗೆಗೆ ತನ್ನ ಮನೆಗೆ ಮರಳುವವಳು.

"ಎಲ್ಲಿಯವಳಮ್ಮ ನೀನು? ಮಾತು ನಮ್ಮ ತೀರದ್ದೇ ಇದೆ."

ಮಿನಾ ಹಳ್ಳಿಯ ಹೆಸರು ಹೇಳಿದಳು.

"ಅಯ್ಯೋ, ಹತ್ರದವಳೇ. ಹಾಗಿದ್ರೆ ನಿಧಾನಕ್ಕೆ ಓಡ್ಸು ಬಂಗಾರ, ನನಗೇನೂ ಅವಸರ ಇಲ್ಲ. ನನ್ನ ಗಂಡ ಸತ್ತು ಎಷ್ಟೋ ವರ್ಷ ಆಯ್ತು, ಕಾಯೋರು ಯಾರಿದ್ದಾರೆ."

ಕಾರು ದಕ್ಷಿಣಕ್ಕೆ ತಿರುಗಿತು. ಮಂಜು ಮತ್ತೆ ಗಟ್ಟಿಯಾಯಿತು. ಸ್ವಲ್ಪ ದೂರ ಹೋದ ಮೇಲೆ ಎಡಗಡೆ ಒಂದು ಬಟ್ಟೆ ಒಣಗಿಸುವ ಹಗ್ಗ ಕಂಡಿತು. ಮನೆ ಕಾಣಲಿಲ್ಲ, ಹಗ್ಗ ಮಾತ್ರ. ಅದರ ಮೇಲೆ ಬಿಳಿ ಹೊದಿಕೆಗಳು ಬಿರುಗಾಳಿಗೆ ಸಿಕ್ಕ ಹಾಯಿಗಳಂತೆ ಉಬ್ಬಿ ನಿಂತಿದ್ದವು. ಆದರೆ ಅವುಗಳ ಸುತ್ತ ಮಂಜು ಒಂದಿಷ್ಟೂ ಕದಲುತ್ತಿರಲಿಲ್ಲ. ಇದು ಸರಿಯಲ್ಲ ಎಂದು ಮಿನಾಳಿಗೆ ಮೊದಲು ಅನಿಸಿದ್ದು ಅದರಿಂದ. ಅಷ್ಟು ಗಾಳಿ ಇದ್ದಿದ್ದರೆ ಮಂಜು ಇರಬಾರದಿತ್ತು.

ರಸ್ತೆ ನೇರವಾಗಿತ್ತು. ಅವಳು ಎಲ್ಲಿಯೂ ತಿರುಗಲಿಲ್ಲ. ಎಡಗಡೆ ಮತ್ತೆ ಅದೇ ಹಗ್ಗ, ಅದೇ ಹೊದಿಕೆಗಳು. ಅವಳು ಮುಂದಕ್ಕೆ ಓಡಿಸಿದಳು. ಮತ್ತೊಮ್ಮೆ ಬಂದವು. ಈ ಸಲ ರೇಡಿಯೋ ಎತ್ತಿ ಕಚೇರಿಯನ್ನು ಕರೆದಳು. ಅದರಲ್ಲಿ ಸದ್ದಿರಲಿಲ್ಲ. ಕೊರಕೊರ ಎಂಬುದೂ ಇರಲಿಲ್ಲ. ಯಾರೋ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿರುವ ಹಾಗೆ ಇತ್ತು.

"ಗಾಡಿ ನಿಲ್ಸಮ್ಮ," ಎಂದಳು ಕನ್ಸೆಪ್ಟಾ ಹಿಂದಿನಿಂದ. ಅವಳಾಗಲೇ ತನ್ನ ಕೋಟನ್ನು ಬಿಚ್ಚಿ ಒಳಗು ಹೊರಗು ಮಾಡುತ್ತಿದ್ದಳು. "ನಿನ್ನದನ್ನೂ ತಿರುಗಿಸಿ ಹಾಕ್ಕೋ. ತಗೋ, ಈ ಬ್ರೆಡ್ ಜೇಬಲ್ಲಿಟ್ಕೋ. ವಿಮಾನದಲ್ಲಿ ಕೊಟ್ಟಿದ್ದು, ಆದ್ರೂ ಬ್ರೆಡ್ ಬ್ರೆಡ್ಡೇ."

ಮಿನಾ ಹೇಳಿದ ಹಾಗೆ ಮಾಡಿದಳು. ಕಾರು ಮತ್ತೆ ಹೊರಟಿತು. ಸ್ವಲ್ಪ ಹೊತ್ತಿಗೆಲ್ಲ ಮಂಜಿನಲ್ಲಿ ಸಂಚಾರ ದೀಪದ ಹಸಿರು ಕಂಡಿತು, ಅದರ ಹಿಂದೆ ಬಣ್ಣಬಣ್ಣದ ಮನೆಗಳ ಸಾಲು.

"ನೀವೂ ನೋಡಿದ್ರಾ?" ಮುದುಕಿಯ ಮನೆ ಮುಂದೆ ಪೆಟ್ಟಿಗೆ ಇಳಿಸುತ್ತ ಮಿನಾ ಕೇಳಿದಳು.

"ನೋಡದೆ ಏನಮ್ಮ. ನೋಡ್ದೆ."

ಆ ಒಂದು ಮಾತನ್ನು ನೆಚ್ಚಿಕೊಂಡು ಮಿನಾ ಇಡೀ ಬೇಸಿಗೆ ಕಳೆದಳು. ಇಬ್ಬರು ಕಂಡದ್ದು ಒಬ್ಬಳ ತಲೆಯ ದೋಷವಾಗಲಾರದು. ಅವಳು ಅದನ್ನು ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಹೇಳಿದಳು. ಸಿರಿಲ್‌ಗೆ ಹಬ್ಬ.

"ಏನ್ ಮಿನಾ, ಅವರಿಗೂ ಮೀಟರ್ ಹಾಕಿದ್ಯಾ, ಇಲ್ಲ ಬ್ರೆಡ್ಡಿಗೇ ಮುಗಿಸ್ಕೊಂಡ್ಯಾ?"

"ನೀನು ಸಿಕ್ಕಿದ್ರೆ ಅವರು ಹಿಡ್ಕೊಳ್ಳೋದೇ ಇಲ್ಲ ಬಿಡು, ಸಿರಿಲ್. ಅವರಿಗೂ ಮರ್ಯಾದೆ ಇದೆ."

"ಕೋಟು ಉಲ್ಟಾ ಹಾಕ್ಕೊಂಡಿದ್ದು ಒಳ್ಳೇದಾಯ್ತು. ಆ ಸಾರಿನ ಕಲೆ ಒಂದು ದಿನಕ್ಕಾದ್ರೂ ಒಳಗೆ ಹೋಯ್ತಲ್ಲ."

ಮಿನಾ ನಕ್ಕಳು. ಗೇಲಿ ಅವಳಿಗೆ ಹಿತವಾಗಿತ್ತು.

ಸೆಪ್ಟೆಂಬರ್ ಕೊನೆಗೆ ಕನ್ಸೆಪ್ಟಾ ಬಾಸ್ಟನ್‌ಗೆ ಹೊರಟಳು. ಮಿನಾಳೇ ಬೇಕೆಂದು ಫೋನು ಮಾಡಿ ಕರೆಸಿಕೊಂಡಳು. ಆಕಾಶ ತೊಳೆದಿಟ್ಟ ಹಾಗಿತ್ತು. ರಸ್ತೆಯ ಆ ಭಾಗಕ್ಕೆ ಬಂದಾಗ ಮಿನಾ ವೇಗ ತಗ್ಗಿಸಿ, "ಇಲ್ಲೇ ಎಲ್ಲೋ ಅಲ್ವಾ ಆ ಹೊದಿಕೆಗಳು?" ಎಂದಳು.

"ಯಾವ ಹೊದಿಕೆ?"

"ಹಗ್ಗದ ಮೇಲೆ. ಮೂರು ಸಲ ಬಂದವಲ್ಲ."

ಕನ್ನಡಿಯಲ್ಲಿ ಮುದುಕಿಯ ಮುಖ ಮೃದುವಾಯಿತು. "ನನ್ ಬಂಗಾರ, ನಾನು ಅವತ್ತು ಕಣ್ಣು ಮುಚ್ಕೊಂಡು ಜಪಮಾಲೆ ಹೇಳ್ತಿದ್ದೆ. ಕಣ್ಣು ಬಿಟ್ಟಾಗ ನಿನ್ನ ಕೈ ಸ್ಟಿಯರಿಂಗ್ ಮೇಲೆ ಗಡಗಡ ನಡುಗ್ತಿತ್ತು. ಮಂಜು ಕಂಡ್ರೆ ಭಯ ಪಡ್ತಾಳೆ ಪಾಪ ಅಂದ್ಕೊಂಡೆ. ನಮ್ಮಮ್ಮ ನಾನು ಹೆದರಿದಾಗ ಕೋಟು ತಿರುಗಿಸಿ ಹಾಕ್ತಿದ್ಳು. ಅದಕ್ಕೇ."

"ನೋಡ್ದೆ ಅಂದ್ರಿ."

"ಅಂದೆ. ಇನ್ನೇನ್ ಅನ್ನಬೇಕಿತ್ತು?"

ಮಿನಾ ಅವಳ ಪೆಟ್ಟಿಗೆಯನ್ನು ಬಾಗಿಲವರೆಗೆ ಎಳೆದುಕೊಟ್ಟು ಕಾರಿಗೆ ಮರಳಿದಳು. ಸ್ಟ್ಯಾಂಡಿನ ಸಾಲಿಗೆ ಹೋಗದೆ ಬದಿಯಲ್ಲಿ ನಿಲ್ಲಿಸಿ ಬಹಳ ಹೊತ್ತು ಕೂತಳು. ಬೇಲಿ ಹಿಡಿದು ನಿಂತ ಅಮ್ಮನಿಗೆ ಏನು ಕಾಣುತ್ತಿತ್ತು ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ವೈದ್ಯರ ಬಳಿಗೂ ಹೋದಳು. ಅವರು ಗಡಿಯಾರದ ಚಿತ್ರ ಬರೆಸಿದರು, ಕೆಲವು ಪದ ಹೇಳಿ ಆಮೇಲೆ ಕೇಳಿದರು, ನೂರರಿಂದ ಏಳೇಳು ಕಳೆಯಿಸಿದರು. ಎಲ್ಲ ಸರಿಯಾಗಿದೆ ಎಂದು ಸಮಾಧಾನಕ್ಕೆ ಅವಳ ಮೊಣಕಾಲು ತಟ್ಟಿದರು. ಆ ತಟ್ಟುವಿಕೆ ಮಿನಾಳಿಗೆ ಹಿಡಿಸಲಿಲ್ಲ. ಕನ್ಸೆಪ್ಟಾಳಂತೆ ಇವರೂ ಒಳ್ಳೆಯವರು. ಒಳ್ಳೆಯವರ ಸಾಕ್ಷಿಯನ್ನು ನಂಬುವ ಹಾಗಿಲ್ಲ. ಎದುರಿಗಿರುವವರ ಕೈ ನಡುಗುವುದು ಕಂಡರೆ ಅವರು ಕಾಣದ್ದನ್ನೂ ಕಂಡೆ ಎನ್ನುತ್ತಾರೆ. ತನಗೆ ಬೇಕಾದದ್ದು ಒಂದಿಷ್ಟೂ ಕರುಣೆಯಿಲ್ಲದ ಸಾಕ್ಷಿ ಎಂದು ಅವಳು ಲೆಕ್ಕ ಹಾಕಿದಳು. ಅಂಥವನು ಅವಳಿಗೆ ಗೊತ್ತಿದ್ದದ್ದು ಒಬ್ಬನೇ.

"ನನ್ನ ಕಾರು ನೀನು ಓಡ್ಸು," ಎಂದಳು ಸಿರಿಲ್‌ಗೆ. "ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ. ಬಂದರಿನವರೆಗೆ. ನಾನು ಹೇಳಿದ ಕಡೆ ತಿರುಗಿಸ್ಬೇಕು. ತಪ್ಪಿದ್ರೆ ತಿದ್ದಬಾರದು. ವಾಪಸ್ ಬಂದು ಎಲ್ಲರ ಮುಂದೆ ಹೇಳ್ಬೇಕು."

"ತಪ್ಪಿದ್ರೆ?"

"ಕೀಲಿ ನೀನೇ ಇಟ್ಕೋ."

ಸಿರಿಲ್ ಅವಳನ್ನು ನೋಡಿದ. "ಈ ಗಾಡಿ ಕೀಲಿ ಇಟ್ಕೊಂಡು ಏನ್ ಮಾಡ್ಲಿ, ಕೋಳಿ ಸಾಕ್ಲಾ?" ಎಂದವನು ಸೀಟನ್ನು ಹಿಂದಕ್ಕೆ ತಳ್ಳಿ ಕೂತ.

ಅಕ್ಟೋಬರ್ ತಿಂಗಳ ಮಧ್ಯಾಹ್ನ, ಊಟದ ಹೊತ್ತು. ಮಂಜಿನ ಸುಳಿವೂ ಇರಲಿಲ್ಲ. ದಕ್ಷಿಣಕ್ಕೆ ತಿರುಗಿದ ಕೂಡಲೇ ಸೂರ್ಯ ನೇರ ಮುಖಕ್ಕೆ ಬಿದ್ದ. ಸಿರಿಲ್ ಬಿಸಿಲಿಗೆ ಅಡ್ಡಲಾಗಿ ಗಾಜಿನ ಮೇಲಿನ ಮರೆ ಇಳಿಸಿಕೊಂಡ.

"ನೇರ ಹೋಗು," ಎಂದಳು ಮಿನಾ.

"ನೇರ. ಬಹಳ ಕಷ್ಟದ ದಾರಿ, ಬರ್ಕೊಳ್ಲಾ?"

"ಮುಂದೆ ದೀಪ ಬರುತ್ತೆ. ದಾಟಿ ನೇರ."

"ಆಮೇಲೆ ಎಡಕ್ಕೆ ತಿರುಗಿ ಸಮುದ್ರಕ್ಕೆ ಬೀಳೋದಾ?"

ದೀಪ ಬಂತು, ದಾಟಿದರು. ಸಿರಿಲ್ ತನ್ನ ಅತ್ತಿಗೆಯ ಬಟಾಣಿ ಸಾರಿನ ವಿಷಯ ತೆಗೆದ. ಅದನ್ನು ಕುಡಿದ ಪಾದ್ರಿ ಪ್ರವಚನದ ನಡುವೆಯೇ ಎದ್ದು ಓಡಿದ ಕತೆ. ಅರ್ಧಕ್ಕೆ ಬಂದವನು ನಿಲ್ಲಿಸಿದ. ಮಿನಾ ಕತೆಯ ಮುಂದಿನ ಭಾಗಕ್ಕೆ ಕಾಯುತ್ತ ರಸ್ತೆಯನ್ನೇ ನೋಡುತ್ತಿದ್ದಳು. ಆಗ ಅವಳಿಗೂ ಕಂಡಿತು.

ಕಾರಿನ ನೆರಳು ಕಾರಿನ ಮುಂದೆ ಬಿದ್ದಿತ್ತು.

ಅವರು ಎಲ್ಲಿಯೂ ತಿರುಗಿರಲಿಲ್ಲ. ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿರಬೇಕು, ಊರೂ ದಕ್ಷಿಣದಲ್ಲಿರಬೇಕು. ಈಗ ಬಿಸಿಲು ಬೆನ್ನ ಹಿಂದಿನ ಗಾಜಿನಿಂದ ಬಂದು ಅವರ ಕತ್ತಿನ ಮೇಲೆ ಕೂತಿತ್ತು. ರಸ್ತೆಯ ಎರಡೂ ಕಡೆ ಕುಳ್ಳ ಕುಳ್ಳ ಮರಗಳು, ಒಂದಕ್ಕೊಂದು ತೀರ ಒತ್ತಿಕೊಂಡು. ಮನೆಗಳಿಲ್ಲ, ತಂತಿ ಕಂಬಗಳಿಲ್ಲ. ಸಿರಿಲ್ ನಿಧಾನವಾಗಿ ಬ್ರೇಕ್ ಒತ್ತಿದ. ಇಂಜಿನ್ ಓಡುತ್ತಿತ್ತು, ಆದರೆ ಅದರ ಸದ್ದು ಪಕ್ಕದ ಕೋಣೆಯಿಂದ ಬರುವಂತಿತ್ತು.

ತಾನೇನೂ ಹೇಳಬಾರದು, ಕಣ್ಣಲ್ಲಿಯೂ ತೋರಿಸಬಾರದು ಎಂದು ಮಿನಾಳಿಗೆ ಗೊತ್ತಿತ್ತು.

"ಮಿನಾ," ಎಂದ ಸಿರಿಲ್. ಅವನ ದನಿ ತೀರ ಕೆಳಗಿತ್ತು. "ಸೂರ್ಯ ಯಾಕೆ ಹಿಂದೆ ಇದ್ದಾನೆ?"

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ನಿನ್ನ ಸಮಾಧಾನ ಹಾಳಾಗ್ಲಿ. ಹೇಳು, ಇದು ಯಾವ ರಸ್ತೆ?"

ಅವಳು ಅವನ ಮುಖ ನೋಡಿದಳು. ತುಟಿಯ ಸುತ್ತ ಬಣ್ಣವೇ ಇರಲಿಲ್ಲ. ಆ ಮುಖದಲ್ಲಿ ಕರುಣೆಯ ಒಂದು ಗೆರೆಯೂ ಇರಲಿಲ್ಲ. ಇದ್ದದ್ದು ಭಯ, ಬರೀ ಅವನದೇ ಭಯ. ತಪ್ಪಿದ್ದು ತನ್ನ ತಲೆಯಲ್ಲ, ದಾರಿ. ಅವಳಿಗೆ ನಗು ಬಂತು. ತಡೆಯಲಾಗಲಿಲ್ಲ.

"ನಗಬೇಡ ಕಣೇ," ಎಂದ ಸಿರಿಲ್. "ದಯವಿಟ್ಟು ನಗಬೇಡ. ಆ ಮರಗಳು ಹತ್ರ ಬಂದಿವೆ."

ಅವಳು ನೋಡಿದಳು. ಬಂದಿದ್ದವು. ಬಾಗಿಲು ತೆರೆದು ಇಳಿಯುವಷ್ಟು ಜಾಗ ಈಗ ಇರಲಿಲ್ಲ.

"ಈ ಕಡೆ ಜಾರು," ಎಂದಳು. "ಇನ್ನು ಗಾಡಿ ನಾನು ಓಡಿಸ್ತೀನಿ."

ದೊಡ್ಡ ದೇಹದ ಸಿರಿಲ್ ಗಿಯರಿನ ಕೋಲನ್ನು ದಾಟಿ, ಅವಳ ಮೇಲೆಯೇ ಹಾದು ಆಚೆ ಸೀಟಿಗೆ ಬಿದ್ದ. ಬೇರೆ ದಿನವಾಗಿದ್ದರೆ ಅದರ ಮೇಲೆ ಒಂದು ವಾರದ ಗೇಲಿ ನಡೆಯುತ್ತಿತ್ತು. ಮಿನಾ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡು, ಮುಂದೆ ಬಿದ್ದಿದ್ದ ನೆರಳಿನ ಮೇಲೆ ನಿಧಾನವಾಗಿ ಕಾರು ಬಿಟ್ಟಳು. ಅವಳ ಕೈ ನಡುಗುತ್ತಿರಲಿಲ್ಲ.

ಆ ರಸ್ತೆಯಿಂದ ಹೊರಬಿದ್ದು ಅವರು ಸ್ಟ್ಯಾಂಡಿಗೆ ಮರಳಿದಾಗ ಸಂಜೆಯಾಗುತ್ತಿತ್ತು. ಎಲ್ಲರೂ ಚಹಾ ಹಿಡಿದು ಕಾಯುತ್ತಿದ್ದರು. ಸಿರಿಲ್ ಪಕ್ಕದ ಬಾಗಿಲಿನಿಂದ ಇಳಿದ.

"ಏನಾಯ್ತಪ್ಪ? ಕೀಲಿ ಯಾರ ಹತ್ರ?" ಒಬ್ಬ ಕೇಳಿದ.

"ಅವಳ ಹತ್ರ," ಎಂದ ಸಿರಿಲ್. "ಅವಳ ತಲೆ ನೆಟ್ಟಗಿದೆ."

ಅದರ ಹಿಂದೆ ಬರಬೇಕಾಗಿದ್ದ ತಮಾಷೆಗೆ ಎಲ್ಲರೂ ಕಾದರು. ಅವನು ತನ್ನ ಕಾರಿನ ಬಳಿಗೆ ಹೋಗಿ, ಒಳಗೆ ಕೂತು, ನಾಲ್ಕೂ ಬಾಗಿಲುಗಳ ಚಿಲಕ ಹಾಕಿಕೊಂಡ. ಸಾಲು ಮುಂದೆ ಸರಿದು ಮಿನಾಳ ಸರದಿ ಬಂತು. ಕಪ್ಪು ಕೋಟಿನ ಇಬ್ಬರು ಗಂಡಸರು ಮಾತಿಲ್ಲದೆ ಬಂದು ಹಿಂದಿನ ಸೀಟಿನಲ್ಲಿ ಕೂತರು. ಮಿನಾ ಹೀಟರನ್ನು ಸ್ವಲ್ಪ ಜಾಸ್ತಿ ಮಾಡಿ ಊರಿನ ಕಡೆ ಹೊರಟಳು.