ಬಣ್ಣ ಹಚ್ಚುವುದನ್ನು ನೋಡಿದ ಮೇಲೂ

ಆ ದಪ್ಪ ಮಾಯಾಲೋಕದ ಕಾದಂಬರಿಯನ್ನು ಅಕ್ಕನ ಮಗಳು ಬಿಟ್ಟುಹೋಗಿದ್ದಳು. ಮಣಿಪಾಲದ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನದನ್ನು ಅಕ್ಕನಿಗೆ ಓದಿ ಹೇಳುತ್ತಿದ್ದೆ. ಅವಳ ನಾಲಿಗೆಯ ಅಡಿಯಲ್ಲಿ ಕ್ಯಾನ್ಸರಿನ ಗಡ್ಡೆ. ನಮ್ಮ ಕಡೆ ಜನ ‘ಕರೆಂಟು ಕೊಡುವುದು’ ಎನ್ನುತ್ತಾರಲ್ಲ, ಆ ರೇಡಿಯೇಷನ್ನಿಗೆ ಬಂದಿದ್ದೆವು.

ಕಾದಂಬರಿಯ ಖಳರು ಕಬ್ಬಿಣದ ಮುಖದ ಏಳು ಸೇನಾಪತಿಗಳು. ಪುಟಪುಟಕ್ಕೂ ಯಾರಾದರೊಬ್ಬರು ಅವರನ್ನು ನೆನೆದು ನಡುಗುತ್ತಾರೆ. ಅವರು ಬಂದರೆ ಹಕ್ಕಿಗಳು ಸುಮ್ಮನಾಗುತ್ತವಂತೆ, ಕರೆದಿಟ್ಟ ಹಾಲು ಒಡೆಯುತ್ತದಂತೆ. ಕೊನೆಗೆ ಬಂದವರು ಮಾಡಿದ್ದೇನು? ಇಬ್ಬರು ಮಕ್ಕಳನ್ನು ಅಟ್ಟಿಸಿಕೊಂಡು ಹೋಗಿ, ಹೊಳೆಗೆ ಬಿದ್ದು, ಒದ್ದೆಯಾಗಿ ಮರಳಿದರು.

“ಹಾಲು ಒಡೆಯಲಿಕ್ಕೆ ರಾಕ್ಷಸರು ಯಾಕೆ ಮಾರಾಯ್ತಿ? ನಮ್ಮ ಮನೆಯ ಫ್ರಿಜ್ಜು ಸಾಕು,” ಎಂದಳು ಅಕ್ಕ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬರೆದವನು ಎದುರಿಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ‘ಭಯಂಕರ’ ಎಂದು ಮತ್ತೆ ಮತ್ತೆ ಬರೆದ ಮಾತ್ರಕ್ಕೆ ಯಾರಾದರೂ ಭಯಂಕರರಾಗುತ್ತಾರೆಯೇ? ನಿಜಕ್ಕೂ ಭಯಂಕರವಾದದ್ದು ನಮ್ಮ ಮನೆಗೆ ಒಂದು ಸಣ್ಣ ಹುಣ್ಣಾಗಿ ಬಂದಿತ್ತು. ‘ಉಷ್ಣ, ಬೇರೆ ಎಂತದೂ ಅಲ್ಲ’ ಎಂದು ಅಕ್ಕ ಎಳನೀರು ಕುಡಿದಳು, ಪುನರ್ಪುಳಿ ಶರಬತ್ತು ಕುಡಿದಳು, ಮಜ್ಜಿಗೆ ಬಾಯಲ್ಲಿಟ್ಟುಕೊಂಡಳು. ಇಲ್ಲಿ ಬಾಯಿಹುಣ್ಣಿಗೆ ಎಲ್ಲರೂ ಮಾಡುವುದು ಅದನ್ನೇ. ಮಳೆಗಾಲ ಕಳೆದರೂ ಹುಣ್ಣು ಆರಲಿಲ್ಲ.

ಚಿಕಿತ್ಸೆ ಶುರುವಾಗುವ ಮೊದಲು ಮುಖಕ್ಕೊಂದು ಮುಖವಾಡ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ ತೂತುತೂತಿನ ಪ್ಲಾಸ್ಟಿಕ್ಕನ್ನು ಮುಖದ ಮೇಲೆ ಹಾಸಿ ಒತ್ತಿದರೆ ಅದು ಮೂಗು, ಗಲ್ಲದ ಆಕಾರಕ್ಕೇ ಗಟ್ಟಿಯಾಗುತ್ತದೆ. ಆಮೇಲೆ ದಿನಾಲೂ ಅದನ್ನು ತೊಡಿಸಿ, ತಲೆ ಅಲುಗದಂತೆ ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಮೊದಲ ದಿನ ಬಿಗಿಯುತ್ತಿದ್ದಂತೆ ಅಕ್ಕ ಕೈಕಾಲು ಬಡಿದಳು. ಬಿಡಿಸಿದ ಕೂಡಲೇ, “ನನಗೆ ಬೇಡ. ಸಾಯುವುದಾದರೆ ಮನೆಯಲ್ಲೇ ಸಾಯ್ತೇನೆ,” ಎಂದಳು. ಚಿಕಿತ್ಸೆ ಮುಗಿಯುವವರೆಗೆ ಉಳಿಯಬೇಕಿದ್ದ ಅಂಬಲಪಾಡಿಯ ನನ್ನ ಮನೆಗೂ ಬಾರದೆ, ಬೆಳ್ಮಣ್ಣಿನ ತನ್ನ ಮನೆಗೆ ಬಸ್ಸು ಹತ್ತಿದಳು.

ಚಿಕಿತ್ಸೆ ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಗ ನೆನಪಾದದ್ದು ಅಪ್ಪನ ಉಪಾಯ.

ನಾವು ಚಿಕ್ಕವರಿದ್ದಾಗ ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ವಿಪರೀತ ಹೆದರುತ್ತಿದ್ದೆವು. ಅದಕ್ಕೆ ಅಪ್ಪ ಒಂದು ಸಂಜೆ ನಮ್ಮಿಬ್ಬರನ್ನೂ ಚೌಕಿಗೆ, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚಪ್ಪರಕ್ಕೆ, ಕರೆದುಕೊಂಡು ಹೋದರು. ಈ ಕಡೆಯಲ್ಲಿ ಹೆದರುವ ಮಕ್ಕಳಿಗೆ ಹಾಗೆ ಮಾಡುವುದುಂಟು. ಅಲ್ಲೊಬ್ಬ ಬಡಕಲು ಮನುಷ್ಯ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯಿಂದ ಕೆನ್ನೆಗೆ ಚುಕ್ಕಿಚುಕ್ಕಿಯಾಗಿ ಇಟ್ಟುಕೊಳ್ಳುತ್ತಿದ್ದ. ಚಿಟ್ಟಿ ಬಿರಿಯಬಾರದೆಂದು ತುಟಿಯನ್ನಷ್ಟೇ ಆಡಿಸುತ್ತ, “ಮಂಡಿನೋವಿಗೆ ಎಂತ ಎಣ್ಣೆ ಒಳ್ಳೇದು?” ಎಂದು ಅಪ್ಪನನ್ನು ಕೇಳಿದ. ಬೆಳಗಿನ ಜಾವ ಅವನೇ ದೊಂದಿಯ ಬೆಂಕಿಯ ನಡುವೆ ಆರ್ಭಟಿಸುತ್ತ ಬಂದಾಗ ನಾನು ಬಿದ್ದುಬಿದ್ದು ನಕ್ಕೆ. ಅಕ್ಕನೂ ನಕ್ಕಳು.

ಬೆಳ್ಮಣ್ಣಿಗೆ ಹೋಗಿ ಕಾಡಿ ಬೇಡಿ ಅಕ್ಕನನ್ನು ಕರೆತಂದೆ. ಮುಖವಾಡವನ್ನು ಒಮ್ಮೆ ಅವಳ ಕೈಗೇ ಕೊಡಿ ಎಂದು ಯಂತ್ರ ನಡೆಸುವ ಹುಡುಗಿಯನ್ನು ಕೇಳಿಕೊಂಡೆ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ತನ್ನದೇ ಮೊಂಡು ಮೂಗು, ಅದರ ತುಂಬ ಚುಕ್ಕಿಗಳಂಥ ತೂತು.

“ಇದು ಬಣ್ಣದ ವೇಷವೇ ಅಲ್ವಾ?” ಎಂದು ಮುಖಕ್ಕೆ ಹಿಡಿದು ಸಣ್ಣಗೆ ಆರ್ಭಟ ಕೊಟ್ಟಳು. ಹುಡುಗಿಯೂ ನಕ್ಕಳು. ಆಮೇಲೆ ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಗಂಟಲು ಸುಟ್ಟು ಗಂಜಿ ಇಳಿಯದಾದಾಗಲೂ, ಮಾತು ನಿಂತಾಗಲೂ, ಬಾಗಿಲ ಬಳಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿ ಒಳಗೆ ಹೋಗುತ್ತಿದ್ದಳು. ಅಪ್ಪನ ಉಪಾಯವನ್ನು ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಚಿಕಿತ್ಸೆ ಮುಗಿದು ಕೆಲವು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಹೋಗಿದೆಯೋ ಇಲ್ಲವೋ ತಿಳಿಯುವ ದಿನ, ಅದೇ ಬೆಂಚಿನ ಮೇಲೆ ಕಾದಂಬರಿಯ ಕೊನೆಯ ಅಧ್ಯಾಯ ಓದಿದೆ. ಏಳು ಸೇನಾಪತಿಗಳೂ ಎರಡೇ ಪುಟದಲ್ಲಿ ಸತ್ತರು.

“ನೋಡು, ಎಲ್ಲ ಪೊಳ್ಳು,” ಎಂದು ಪುಸ್ತಕ ಮುಚ್ಚಿದೆ.

ಅಕ್ಕನ ಮಾತು ಈಗ ನಿಧಾನ. “ಅವರು ಪೊಳ್ಳೇ. ಆದರೆ ಆ ಮಕ್ಕಳು ಹೆದರಿ ಓಡಿದ್ದು ಸುಳ್ಳಲ್ಲ ಅಲ್ವಾ?” ಎಂದಳು. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, “ಅಪ್ಪ ಚೌಕಿ ತೋರಿಸಿದ ಮೇಲೂ ನನಗೆ ಹೆದರಿಕೆ ಹೋಗಿರಲಿಲ್ಲ. ನೀನು ನಗುತ್ತಿದ್ದೆ. ನಾನು ದೊಡ್ಡವಳು, ಅಳುವುದು ಹೇಗೆ? ಅದಕ್ಕೆ ನಾನೂ ನಕ್ಕೆ,” ಎಂದಳು.

“ಮತ್ತೆ ಇಲ್ಲಿ?”

“ಇಲ್ಲಿಯೂ ಹಾಗೆಯೇ. ಬಾಗಿಲು ಹಾಕಿದ ಮೇಲೆ ದಿನಾಲೂ ಹೆದರಿದ್ದೇನೆ. ನೀನು ಅಷ್ಟು ಕಷ್ಟಪಟ್ಟು ಕರೆದುಕೊಂಡು ಬಂದಿದ್ದೆ.”

ಹೆದರಿಕೆ ಬಿಡಿಸಿ ಅವಳನ್ನು ನಾನೇ ಒಳಗೆ ಕಳುಹಿಸಿದ್ದೆ ಎಂದುಕೊಂಡಿದ್ದೆ. ಅವಳು ನನಗೋಸ್ಕರ ಹೋಗಿದ್ದಳು.

ಅಷ್ಟರಲ್ಲಿ ನರ್ಸು ಅಕ್ಕನ ಹೆಸರು ಕರೆದಳು. ಅಭ್ಯಾಸಬಲದಿಂದ ನಾನು ತಮಾಷೆಯ ಮಾತೊಂದನ್ನು ಹುಡುಕುತ್ತಿದ್ದೆ. ಅಕ್ಕ ತಲೆಯಾಡಿಸಿದಳು.

“ಇವತ್ತು ನಗುವುದು ಬೇಡ. ಕೈ ಹಿಡಿದುಕೋ, ಸಾಕು.”

ಅವಳ ಕೈ ತಣ್ಣಗಿತ್ತು, ನನ್ನದೂ ಹಾಗೆಯೇ ಇತ್ತು. ಕೈ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದೆವು.