ಕೆಂಪು ಪಿನ್ನು ಮತ್ತು ದೊಡ್ಡಮ್ಮನ ಸೋಬಾನೆ

ಗಂಧದ ವಾಸನೆ ಬರಬೇಕಾದ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಆಂಪ್ಲಿಫೈಯರಿನ ಬೆನ್ನಿಂದ ಗಂಧದ ವಾಸನೆ ಬರುವ ಮನೆ ಇಡೀ ದೊಡ್ಡಬಳ್ಳಾಪುರದಲ್ಲಿ ನಮ್ಮದೊಂದೇ ಇರಬೇಕು. ಹೋದ ಭಾನುವಾರ ಅದನ್ನು ಅಟ್ಟದಿಂದ ಇಳಿಸಿ, ಹಳೇ ಬನಿಯನ್ನಿನಿಂದ ಧೂಳು ಒರೆಸಿ, ಹಿಂದಿನ ತೂತುಗಳಿಗೆ ಮೂಗು ಹಚ್ಚಿದೆ. ಬಂತು ನೋಡಿ! ಅದೇ ಗಂಧ, ಇಷ್ಟು ವರ್ಷವಾದರೂ ಸಣ್ಣಗೆ, ಹಟ ಹಿಡಿದು ಕೂತಿದೆ. ನಾನೊಬ್ಬನೇ ಕೂತು ಪಕಪಕ ನಗೋಕೆ ಶುರುಮಾಡಿದೆ. ಸರೋಜ ಅಡಿಗೆಮನೆಯಿಂದ ಇಣುಕಿ, "ಏನ್ರೀ, ಧೂಳು ತಲೆಗೇರ್ತಾ?" ಅಂದಳು. ಹೆಂಡತಿಗೆ ಎಲ್ಲವೂ ಗೊತ್ತಿದ್ದರೂ ಹೀಗೇ ಕೇಳುತ್ತಾಳೆ.

ನಿಮಗೆ ಮೊದಲಿಂದ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿವರ್ಷ ತಪ್ಪದೆ ವಿದ್ಯುತ್ ಪಾಠ ಮಾಡುತ್ತೇನೆ. ನಾನು ಬೋರ್ಡಿನ ಮೇಲೆ ಬರೆದ ಸರ್ಕಿಟ್ಟಿನಲ್ಲಿ ಬಲ್ಬು ಉರಿಯದೇ ಇದ್ದದ್ದು ಇವತ್ತಿನವರೆಗೂ ಇಲ್ಲ. ಬೋರ್ಡಿನಿಂದ ಈಚೆ ಬಂದರೆ ಮಾತ್ರ ನನಗೂ ಕರೆಂಟಿಗೂ ಆಗಿಬರುವುದಿಲ್ಲ. ಕಾಲಿಂಗ್ ಬೆಲ್ ರಿಪೇರಿ ಮಾಡಲು ಹೋಗಿ, ಯಾರಾದರೂ ಬೆಲ್ ಒತ್ತಿದರೆ ಹಾಲಿನ ಫ್ಯಾನು ನಿಲ್ಲುವ ಹಾಗೆ ಮಾಡಿದ ಪುಣ್ಯಾತ್ಮ ನಾನು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿದ್ದು ಸತ್ತಿತಂತೆ, ಅಂತ ಸರೋಜ ಆಗಾಗ ಗೋಡೆಗೆ ಹೇಳುವ ಹಾಗೆ ಹೇಳುತ್ತಾಳೆ.

ಇಂಥವನ ಕೈಗೆ ಆ ಸ್ಟೀರಿಯೋ ಸೆಟ್ಟು ಬಂತು. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರು "ಇಟ್ಕೊಳ್ಳಿ ಮೇಷ್ಟ್ರೇ, ಹೊತ್ಕೊಂಡು ಹೋಗಕ್ಕಾಗಲ್ಲ" ಅಂತ ಬಿಟ್ಟುಹೋದರು. ಒಂದು ಡಿಸ್ಕ್ ಪ್ಲೇಯರು, ಒಂದು ಆಂಪ್ಲಿಫೈಯರು, ಎರಡು ಸ್ಪೀಕರ್ ಬಾಕ್ಸು. ಡಿಸ್ಕನ್ನು ಓದುವುದು ಪ್ಲೇಯರಿನ ಕೆಲಸ, ಓದಿದ್ದನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರಿನ ಕೆಲಸ, ಕೂಗುವುದು ಬಾಕ್ಸುಗಳ ಕೆಲಸ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಒಂದು ಜೋಡಿ ವೈರು. ಬಿಳಿ ಪಿನ್ನು ಬಿಳಿ ತೂತಿಗೆ, ಅದು ಎಡಗಡೆ ಬಾಕ್ಸಿನ ಹಾಡು. ಕೆಂಪು ಪಿನ್ನು ಕೆಂಪು ತೂತಿಗೆ, ಅದು ಬಲಗಡೆ ಬಾಕ್ಸಿನದು. ಒಂದನೇ ಕ್ಲಾಸಿನ ಮಗು ಮಾಡುವ ಕೆಲಸ. ನೆನಪಿಟ್ಟುಕೊಳ್ಳಿ, ಬಲಕ್ಕೆ ಕೆಂಪು.

ಈಗ ದೊಡ್ಡಮ್ಮ. ನಮ್ಮಪ್ಪನ ಅಣ್ಣನ ಹೆಂಡತಿ, ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರದ ನಮ್ಮೂರು ಆವತಿಯವಳು. ಅವಳ ಗಂಟಲಿನ ಬಗ್ಗೆ ಏನು ಹೇಳಲಿ? ನಮ್ಮೂರ ತಲೆಯ ಮೇಲೆ ವಿಮಾನ ಹೋದರೆ ಎಲ್ಲರೂ ಅರ್ಧ ಮಾತು ಬಾಯಲ್ಲಿ ಇಟ್ಟುಕೊಂಡು ಕಾಯುತ್ತಾರೆ. ದೊಡ್ಡಮ್ಮ ಕಾಯುವುದಿಲ್ಲ, ವಿಮಾನವೇ ಕಾಯಬೇಕು. ಹಿತ್ತಲಲ್ಲಿ ನಿಂತು ಕರುವನ್ನು ಕರೆದರೆ ಬೆಟ್ಟದ ಮೇಲಿದ್ದ ಕುರಿಗಳೂ ತಲೆ ಎತ್ತುತ್ತಿದ್ದವು ಅಂತ ದೊಡ್ಡಪ್ಪ ಹೇಳುತ್ತಿದ್ದರು. ಆ ಗಂಟಲಲ್ಲಿ ಸೋಬಾನೆ ಪದ ಹೊರಟರೆ ಮಾತ್ರ ಕೇಳಬೇಕು! ಸುತ್ತಿನ ಯಾವ ಮದುವೆಯಾದರೂ ಹಸೆಗೆ ಕೂರಿಸುವ ಮೊದಲು "ಆವತಿಯಮ್ಮ ಬಂದ್ರಾ?" ಅಂತ ಕೇಳುವರು. ಇವಳು ಒಂದು ಸಾಲು ಎತ್ತಿ ಕೊಡುವುದು, ಉಳಿದವರು ಅದರ ಬಾಲ ಹಿಡಿದು "ಸೋಬಾನೆ" ಅನ್ನುವುದು.

ದೊಡ್ಡಪ್ಪನಿಗೆ ಆ ಗಂಟಲೆಂದರೆ ಪ್ರಾಣ. ಒಂದು ದಿನ ದೇವನಹಳ್ಳಿಯಿಂದ ಮದುವೆ ವಿಡಿಯೋ ತೆಗೆಯುವವನನ್ನು ಎರಡು ಮೈಕಿನ ಸಮೇತ ಕರೆತಂದರು. ಅವನು ದೊಡ್ಡಮ್ಮನನ್ನೂ ದನಿಗೂಡಿಸುವ ನಾಲ್ಕು ಹೆಂಗಸರನ್ನೂ ಒಟ್ಟಿಗೆ ಕೂರಿಸಿ ನೋಡಿದ. ಉಹೂಂ, ನಾಲ್ವರೂ ದೊಡ್ಡಮ್ಮನ ದನಿಯಲ್ಲಿ ಮುಳುಗಿಹೋದರು. ಕೊನೆಗೆ ಇವಳನ್ನು ಹಾಲಿನಲ್ಲಿ, ಅವರನ್ನು ಅಡಿಗೆಮನೆಯಲ್ಲಿ ಕೂರಿಸಿ, ನಡುವಿನ ಬಾಗಿಲು ಹಾಕಿ, ಒಂದೊಂದು ಕಡೆಗೆ ಒಂದೊಂದು ಮೈಕಿಟ್ಟ. ಹಾಲಿನ ಮೈಕು ಬಲಗಡೆ ಬಾಕ್ಸಿಗೆ, ಅಡಿಗೆಮನೆಯ ಮೈಕು ಎಡಗಡೆ ಬಾಕ್ಸಿಗೆ. ಡಿಸ್ಕು ತಯಾರಾದ ಮೇಲೆ ತನ್ನ ಅಂಗಡಿಯಲ್ಲಿ ಒಂದೇ ಸಲ ಕೇಳಿಸಿದ. ದೊಡ್ಡಪ್ಪ ಅದನ್ನು ಮನೆಗೆ ತಂದು ತಮ್ಮ ರೇಷ್ಮೆ ಪಂಚೆಯೊಳಗೆ ಸುತ್ತಿಟ್ಟರು.

ಅದಾಗಿ ಎರಡು ವರ್ಷಕ್ಕೆ ದೊಡ್ಡಪ್ಪ ಹೋದರು. ದೊಡ್ಡಮ್ಮ ಹಾಡು ನಿಲ್ಲಿಸಿಬಿಟ್ಟಳು. ಗಂಡ ಸತ್ತವಳು ಸೋಬಾನೆ ಹಾಡಬಾರದು ಅಂತ ಯಾರೂ ಅವಳಿಗೆ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ತೊಡಕೇನೆಂದರೆ, ಹಿಂದೆ ಎಷ್ಟೋ ಮದುವೆಗಳಲ್ಲಿ ಎಷ್ಟೋ ಜನಕ್ಕೆ ಅವಳೇ ಅದನ್ನು ಹೇಳಿದ್ದಳು. "ನೀನ್ ಸುಮ್ಕಿರವ್ವ, ಮುತ್ತೈದೇರು ಹಾಡ್ಲಿ." ಆಚಾರ ಹೇಳಿ ಬದನೆಕಾಯಿ ತಿನ್ನುವವಳಲ್ಲ ನಮ್ಮ ದೊಡ್ಡಮ್ಮ. ತಾನು ಹಾಕಿದ ಬೇಲಿಯೊಳಗೆ ತಾನೇ ಕೂತಳು. ಆಮೇಲೆ ಆ ಮನೆಗೆ ಹೋದರೆ ವಿಮಾನದ ಸದ್ದು ಪೂರ್ತಿ ಕೇಳಿಸುತ್ತಿತ್ತು. ನನಗೆ ಅದು ತಡೆಯಲಾಗದಷ್ಟು ಬೇಜಾರು ಮಾಡುತ್ತಿತ್ತು.

ಹೀಗಿರುವಾಗ ದೊಡ್ಡಮ್ಮನ ಮೊಮ್ಮಗಳು ಚೈತ್ರನ ಮದುವೆ ಗೊತ್ತಾಯಿತು. ಚೈತ್ರ ಅಜ್ಜಿಯ ಮೊಮ್ಮಗಳೇ ಸರಿ. "ಅಜ್ಜಿ ಹಾಡ್ದೇ ಇದ್ರೆ ನಾನು ಅರಿಶಿನ ಹಚ್ಚಿಸ್ಕೊಳ್ಳಲ್ಲ" ಅಂತ ಪಟ್ಟು ಹಿಡಿದಳು. "ನಾನ್ ಹಾಡಲ್ಲ" ಅಂತ ಅಜ್ಜಿ. ಎರಡು ದಿನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಮಾತು ಮಾತ್ರ ಆಡಲಿಲ್ಲ. ಮೂರನೇ ದಿನ ದೊಡ್ಡಮ್ಮ ಟ್ರಂಕು ತೆಗೆದು, ಪಂಚೆಯ ಮಡಿಕೆಯಿಂದ ಡಿಸ್ಕು ಎತ್ತಿಕೊಂಡು ಬಂದು ನನಗೆ ಫೋನು ಮಾಡಿಸಿದಳು.

"ಏನ್ಲಾ ಮೇಷ್ಟ್ರೇ, ನಿನ್ ಹತ್ರ ಡಿಸ್ಕ್ ಹಾಡ್ಸೋ ಮಿಷಿನ್ ಐತಂತಲ್ಲ. ಈ ಡಿಸ್ಕ್‌ನಲ್ಲಿರೋಳು ಮುತ್ತೈದೆ ಕಣ್ಲಾ. ಇವಳು ಹಾಡ್ಲಿ. ನಾನ್ ಸುಮ್ಕೆ ಕೂತಿರ್ತೀನಿ."

ಎಂಥಾ ತರ್ಕ! ಯಾವ ಶಾಸ್ತ್ರಿಗಳೂ ಇದನ್ನು ಮುರಿಯಲಾರರು. ಚೈತ್ರನೂ ಒಪ್ಪಿದಳು. ಮದುವೆಯ ಮಾನ ಈಗ ಒಂದು ಜೋಡಿ ವೈರಿನ ಮೇಲೆ, ಆ ವೈರು ನನ್ನ ಕೈಯಲ್ಲಿ. "ಬಿಡಿ ದೊಡ್ಡಮ್ಮ, ಐದು ನಿಮಿಷದ ಕೆಲಸ" ಅಂದುಬಿಟ್ಟೆ. ಪಕ್ಕದಲ್ಲಿದ್ದ ಸರೋಜ ಕಣ್ಣು ಮುಚ್ಚಿಕೊಂಡಳು.

ಅರಿಶಿನದ ದಿನ ಬೆಳಿಗ್ಗೆ ಸೆಟ್ಟನ್ನು ಬೆಡ್‌ಶೀಟಿನಲ್ಲಿ ಕಟ್ಟಿಕೊಂಡು ಆವತಿಗೆ ಹೋದೆವು. ಎಡಗಡೆ ಬಾಕ್ಸು ಟ್ರಂಕಿನ ಮೇಲೆ, ಬಲಗಡೆಯದು ಹೊಲಿಗೆ ಮಿಷಿನ್ನಿನ ಮೇಲೆ. ಹಾಲು ತುಂಬ ಹೆಂಗಸರು. ಚೈತ್ರ ಹಸೆಯ ಮೇಲೆ ಕೂತಿದ್ದಾಳೆ. ಪುಟ್ಟಮ್ಮ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಾಳೆ. ಈ ಪುಟ್ಟಮ್ಮ ಅಡಿಗೆಮನೆಯಲ್ಲಿ ಕೂತು ಹಾಡಿದ್ದ ಆ ನಾಲ್ವರಲ್ಲಿ ಒಬ್ಬಳು. ದೊಡ್ಡಮ್ಮ ದೂರದಲ್ಲಿ ಕಂಬಕ್ಕೆ ಒರಗಿ, ಬಲಗಡೆ ಬಾಕ್ಸಿನ ಕಡೆಗೇ ಕಿವಿ ಕೊಟ್ಟು ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಆಂಪ್ಲಿಫೈಯರನ್ನು ತಿರುಗಿಸಿದೆ.

ಅಯ್ಯೋ ಶಿವನೇ! ಹಿಂದಿನ ತೂತುಗಳೆಲ್ಲ ಕೆಂಪು! ಬಿಳಿಯೂ ಕೆಂಪು, ಕೆಂಪೂ ಕೆಂಪು, ಅಲ್ಲಿದ್ದ ಹಲವು ಜೋಡಿ ತೂತುಗಳಲ್ಲಿ ಯಾವುದು ಯಾತಕ್ಕೆ ಅಂತ ಬರೆದ ಅಕ್ಷರದ ಮೇಲೂ ಕೆಂಪು. ಆಯುಧಪೂಜೆಯ ದಿನ ಸರೋಜ ಮಿಕ್ಸಿ, ಸ್ಕೂಟರು, ನನ್ನ ಸ್ಕೂಲಿನ ಬೆತ್ತ ಎಲ್ಲಕ್ಕೂ ಗಂಧ ಕುಂಕುಮ ಇಟ್ಟಿದ್ದಳು. ಇದಕ್ಕೂ ಇಟ್ಟಿದ್ದಾಳೆ, ಅದೂ ಒಂದೊಂದು ತೂತಿಗೆ ಒಂದೊಂದು ಬೊಟ್ಟು.

"ಮುಂದೆ ಇಡೋದಲ್ವೇನೇ?" ಅಂತ ಪಿಸುಗುಟ್ಟಿದೆ.

"ಮುಂದೆ ಬರೀ ಕಪ್ಪು ರೀ. ಹಿಂದೆ ಚಿನ್ನದ ಬಣ್ಣಕ್ಕೆ ಲಕ್ಷಣವಾಗಿತ್ತು. ಇದೇ ಮುಖ್ಯವಾದ ಜಾಗ ಅಂತ ನೀವೇ ಹೇಳಿದ್ರಲ್ಲ."

ಹೇಳಿದ್ದೆ. ಸರಿ, ಅಂದಾಜಿನ ಮೇಲೆ ಚುಚ್ಚಿ ಗುಂಡಿ ಒತ್ತಿದೆ. ರಾಗಿ ಮಿಲ್ಲು ಮನೆಯೊಳಗೆ ನುಗ್ಗಿದ ಹಾಗೆ ಘರ್ರ್ ಅಂತ ಶಬ್ದ ಬಂತು. ಒಂದು ಮಗು ಚೀರಿತು. "ಡಿಸ್ಕು ಹಳೇದಾಗಿದೆ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಪಿನ್ನುಗಳನ್ನು ಕಿತ್ತು ಪಕ್ಕದ ಜೋಡಿಗೆ ಚುಚ್ಚಿದೆ. ಈ ಸಲ ಘರ್ರ್ ಇಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟ್ರಂಕಿನ ಮೇಲಿನ ಬಾಕ್ಸಿನಿಂದ ನಾಲ್ಕು ಹೆಂಗಸರು ಸ್ವಚ್ಛವಾಗಿ ಹಾಡಿದರು:

"ಅರಿಶಿನ ಬಂದೈತೆ, ಸೋಬಾನೆ..."

"ನಮ್ದೇ ದನಿ!" ಅಂತ ಪುಟ್ಟಮ್ಮ ಬಟ್ಟಲು ಬೀಳಿಸುವುದರಲ್ಲಿದ್ದಳು. ಎಲ್ಲರೂ ಹೊಲಿಗೆ ಮಿಷಿನ್ನಿನ ಕಡೆ ನೋಡಿದರು. ಅಲ್ಲಿಂದ ಉಸಿರಿಲ್ಲ. ದೊಡ್ಡಮ್ಮನ ಸಾಲು ಬರಬೇಕಾದಷ್ಟು ಹೊತ್ತು ಮನೆ ಗಪ್‌ಚಿಪ್. ಮತ್ತೆ ಟ್ರಂಕಿನ ಮೇಲಿನವರು, "ಅರಿಶಿನ ಬಂದೈತೆ, ಸೋಬಾನೆ."

"ಎಲ್ಲಿಂದ ಬಂತಂತೆ?" ಅಂದಳು ಚೈತ್ರನ ಗೆಳತಿಯೊಬ್ಬಳು.

"ಆನ್‌ಲೈನ್ ಆರ್ಡರು ಕಣೇ!"

ಹಾಲಿಗೆ ಹಾಲೇ ನಕ್ಕಿತು. ನಾನು ಬೆವರುತ್ತಾ ಆಂಪ್ಲಿಫೈಯರಿನ ಹಿಂದೆ ಮಂಡಿಯೂರಿ, ಬಲಗಡೆಯ ಕೆಂಪು ಪಿನ್ನನ್ನು ಕಿತ್ತು ನೋಡಿದೆ. ತೂತಿನೊಳಗೆ ಗಂಧ ಒಣಗಿ ಕಲ್ಲಾಗಿದೆ. ಪಿನ್ನಿಗೂ ತೂತಿಗೂ ನಡುವೆ ಗಂಧದ ಗೋಡೆ. ಸರೋಜನ ತಲೆಯಿಂದ ಹೇರ್‌ಪಿನ್ನು ಕಿತ್ತುಕೊಂಡು ಕೆರೆಯತೊಡಗಿದೆ. ಅಷ್ಟರಲ್ಲಿ ಅಡಿಗೆಮನೆಯ ನಾಲ್ವರು ಪಾಪ, ಕೇಳುವವರಿಲ್ಲದೆ, "ಮಲ್ಲಿಗೆ ಬಂದೈತೆ, ಸೋಬಾನೆ" ಅಂದರು.

"ಇದೆಲ್ಲಿಂದ?" "ಪಾರ್ಕಿಂದ ಕದ್ದಿದ್ದು!" ಮತ್ತೆ ನಗು. ಹಸೆಯ ಮೇಲಿದ್ದ ಚೈತ್ರ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿಬಂದಿತ್ತು. ಆ ಮಗುವಿನ ಒಂದೇ ಒಂದು ಆಸೆಯನ್ನು ನಾನು ನಗೆಪಾಟಲು ಮಾಡಿಬಿಟ್ಟೆನಲ್ಲ ಅನ್ನಿಸಿತು. ಕೆರೆದೂ ಕೆರೆದೂ ಕೊನೆಗೆ ತೂತಿನ ತಳದಲ್ಲಿ ಚಿನ್ನದ ಬಣ್ಣ ಕಂಡಿತು. ಪಿನ್ನು ಕೈಗೆತ್ತಿಕೊಂಡೆ.

ಆಗ ಕಂಬದ ಹತ್ತಿರದಿಂದ ಒಂದು ದನಿ.

"ಅಜ್ಜಿಯ ಮನೆಯಿಂದ ಅರಿಶಿನ ಬಂದೈತೆ..."

ಹಾಡು ಅನ್ನುವುದಕ್ಕಿಂತ ಅದು ಗದರಿಕೆ. ತಪ್ಪು ಉತ್ತರ ಹೇಳುತ್ತಿರುವ ಹುಡುಗಿಯರಿಗೆ ಸರಿ ಉತ್ತರ ಹೇಳಿಕೊಟ್ಟ ಹಾಗೆ. ಹೇಳಿದವಳೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಪಟ್ ಅಂತ ನಿಂತಿತು. ನಾನು ಪಿನ್ನು ಚುಚ್ಚಲು ಕೈ ಚಾಚಿದೆ. ಸರೋಜ ನನ್ನ ಮಣಿಕಟ್ಟು ಹಿಡಿದಳು. "ಕೈ ತೆಗೀರಿ" ಅಂದಳು, ಉಸಿರಿನಲ್ಲಿ.

ಬಾಕ್ಸಿನ ನಾಲ್ವರ ಸರದಿ ಬಂತು. ಈ ಸಲ ಅವರ ಜೊತೆ ಐದನೆಯವಳಾಗಿ ಪುಟ್ಟಮ್ಮನೇ ಹಾಡಿದಳು, ಬಟ್ಟಲು ಹಿಡಿದುಕೊಂಡು, ದೊಡ್ಡಮ್ಮನ ಮುಖವನ್ನೇ ನೋಡುತ್ತಾ. ಹಾಡಿ ಮುಗಿಸಿ, "ಮುಂದಿಂದು ಎತ್ತಕ್ಕ. ಮಗು ಕಾಯ್ತಾ ಅವಳೆ" ಅಂದಳು.

ಎತ್ತಿದಳು ನೋಡಿ! "ಮಾವನ ಮನೆಯಿಂದ ಮಲ್ಲಿಗೆ ಬಂದೈತೆ..." ಮೊದಲು ತುಕ್ಕು ಹಿಡಿದ ಬಾಗಿಲಿನ ದನಿ, ನಾಲ್ಕನೇ ಸಾಲಿಗೆ ಅದೇ ಹಳೇ ದನಿ. ಮೇಲೆ ಒಂದು ವಿಮಾನ ಹೋಯಿತಂತೆ, ನಮಗ್ಯಾರಿಗೂ ಗೊತ್ತಾಗಲಿಲ್ಲ. ಡಿಸ್ಕು ಮುಗಿದರೂ ಹಾಡು ಮುಗಿಯಲಿಲ್ಲ. ಚೈತ್ರ ಅಳುತ್ತಾ ನಗುತ್ತಾ ಅರಿಶಿನ ಹಚ್ಚಿಸಿಕೊಂಡಳು, ಮೊದಲ ಕೈ ಅಜ್ಜಿಯದೇ. ನಾನು ಆಂಪ್ಲಿಫೈಯರಿನ ಹಿಂದೆ ಕೆಂಪು ಪಿನ್ನು ಹಿಡಿದುಕೊಂಡು ಕೂತೇ ಇದ್ದೆ.

ಊಟದ ಹೊತ್ತಿಗೆ ಊರೆಲ್ಲ ಸುದ್ದಿ: ಮೇಷ್ಟ್ರು ಬೇಕೂಂತಲೇ ಒಂದು ವೈರು ಕಿತ್ತಿಟ್ಟು ಅಮ್ಮನ ಬಾಯಿ ಬಿಡಿಸಿದರು, ಎಂಥಾ ತಲೆ! ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಬಿತ್ತು. ನಾನು ಅಲ್ಲ ಅನ್ನಲಿಲ್ಲ. ಹೋಳಿಗೆ ಬಾಯಲ್ಲಿತ್ತು. ಅದಾದ ಮೇಲೆ ಎಷ್ಟೋ ಮದುವೆಗಳಲ್ಲಿ ದೊಡ್ಡಮ್ಮ ಹಾಡಿದ್ದಾಳೆ. ಮೂಲೆಯಲ್ಲಿ ಕೂತ ಗಂಡನಿಲ್ಲದ ಹೆಂಗಸರನ್ನೂ "ಬಾರೆ, ದನಿಗೂಡ್ಸು" ಅಂತ ರಟ್ಟೆ ಹಿಡಿದು ಎಬ್ಬಿಸಿದ್ದಾಳೆ. ನಾನೂ ಪ್ರತಿ ಮದುವೆಯಲ್ಲಿ ಜಾಣನಾಗಿ ಹೋಳಿಗೆ ತಿಂದಿದ್ದೇನೆ. ಡಿಸ್ಕು ಮಾತ್ರ ಅವತ್ತಿನಿಂದ ಕಾಣೆ. ಎಲ್ಲಿ ಹೋಯ್ತ್ಲಾ ಅಂತ ದೊಡ್ಡಮ್ಮ ಕೇಳಿದಾಗಲೆಲ್ಲ ನಾನು ದೊಡ್ಡಪ್ಪನ ಪಂಚೆ ಕೊಡವಿ ನೋಡುತ್ತಿದ್ದೆ.

ಹೋದ ವಾರ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಟಿವಿ ನೋಡಬಾರದು ಅಂತ ಡಾಕ್ಟರು ಹೇಳಿದ್ದಕ್ಕೆ ಗೊಣಗುತ್ತಾ ಕೂತಿದ್ದಳು. ಅದಕ್ಕೇ ನಾನು ಸೆಟ್ಟು ಇಳಿಸಿದ್ದು. ಪ್ಲೇಯರಿಗೆ ಕರೆಂಟು ಕೊಟ್ಟು ಗುಂಡಿ ಒತ್ತಿದೆ. ತಟ್ಟೆ ನಾಲಿಗೆ ಚಾಚಿದ ಹಾಗೆ ಹೊರಗೆ ಬಂತು. ಅದರ ಮೇಲೆ ಡಿಸ್ಕು! ಇಷ್ಟು ವರ್ಷವೂ ನಮ್ಮ ಮನೆಯ ಅಟ್ಟದ ಮೇಲೆ, ಮಿಷಿನ್ನಿನ ಹೊಟ್ಟೆಯೊಳಗೇ ಇತ್ತು. ಬಿಳಿ ಬಿಳಿಗೆ, ಕೆಂಪು ಕೆಂಪಿಗೆ. ಎರಡೂ ಬಾಕ್ಸು ಜೀವ ಹಿಡಿದವು. ಹಾಡಿಗೆ ಮೊದಲು ಬಲಗಡೆಯಿಂದ ಒಂದು ಕೆಮ್ಮು, ಆಮೇಲೆ ದೊಡ್ಡಪ್ಪನ ದನಿ:

"ಏನ್ ನೋಡ್ತೀಯೆ ನನ್ ಮುಖಾನ. ಹಾಡು."

ದೊಡ್ಡಮ್ಮ ಅಲ್ಲಾಡಲಿಲ್ಲ. "ಅವತ್ತು ಇದನ್ನೇ ಕಾಯ್ತಿದ್ದೆ ಕಣ್ಲಾ" ಅಂದಳು. "ಅವರು ಹೇಳಿದ್ದು ನೆಪ್ಪಿತ್ತು. ಬರಲೇ ಇಲ್ಲ."

ನನಗೆ ತಿಂದ ಹೋಳಿಗೆಗಳೆಲ್ಲ ನೆನಪಾದವು. "ದೊಡ್ಡಮ್ಮ, ಒಂದು ಮಾತು. ಅವತ್ತು ನಾನು ಬೇಕೂಂತ ಮಾಡಿದ್ದಲ್ಲ. ಗಂಧ ಅಂಟ್ಕೊಂಡಿತ್ತು, ನನಗೆ ಜೋಡಿಸೋಕೆ ಬರಲಿಲ್ಲ, ಅಷ್ಟೇ."

"ಗೊತ್ತು ಬಿಡ್ಲಾ. ನೀನ್ ಬೇಕೂಂತ ಮಾಡಿದ್ದು ಯಾವತ್ತು ನೆಟ್ಟಗಾಗಿದೆ?" ಅಂದಳು. ಬಲಗಡೆ ಬಾಕ್ಸಿನಲ್ಲಿ ಮುತ್ತೈದೆ ದೊಡ್ಡಮ್ಮ ಮೊದಲ ಸಾಲು ಎತ್ತಿದ್ದಳು. ಕಪ್ಪು ಕನ್ನಡಕದ ದೊಡ್ಡಮ್ಮ ಕೂತಲ್ಲೇ ನೆಟ್ಟಗಾಗಿ ಸೆರಗು ಸರಿಮಾಡಿಕೊಂಡಳು. "ಅವರು ಹಾಡು ಅಂದಿದ್ದು ಕೇಳಿಸ್ತಲ್ಲ, ಸಾಕು. ಇವಳು ಹಾಡ್ತಾ ಕೂತ್ರೆ ನಾನೆಲ್ಲಿ ಹಾಡ್ಲಿ? ಆ ಕೆಂಪು ಪಿನ್ನು ಕಿತ್ತಾಕು. ಇವತ್ತು ಬೇಕೂಂತ ಕಿತ್ತಾಕು."

ಕಿತ್ತೆ.